ಐದು ಲೀಟರ್ ಸಮುದ್ರ

ಕುಸುಬಿ ಎಣ್ಣಿಯ ಕ್ಯಾನಿನ್ಯಾಗ ಬಂತು ಸಮುದ್ರ,
ಬಾಯಿಗೆ ಪ್ಲಾಸ್ಟಿಕ್ ಚೀಲ, ಮ್ಯಾಲ ಬಿಗಿದ ಸುತಳಿ.
ಮುಂಬೈದಾಗ ಫರಸಿ ಹಾಸೋ ರುಕ್ಮೋದ್ದೀನ
ರಾತ್ರಿಯಿಡೀ ಜನರಲ್ ಡಬ್ಬಿಯೊಳಗ
ಎರಡು ಕಾಲ ನಡುವ ಹಿಡಕೊಂಡು ಕುಂತಿದ್ದನಂತ.
ಸೋಲಾಪುರದಾಗ ಒಬ್ಬ ಕೇಳಿದನಂತ: ಎಣ್ಣಿ ಹ್ಯಾಂಗ ಕೊಟ್ಟಿ?
ಇವ ಅಂದನಂತ: ಮಾರಾಂಗಿಲ್ಲರಿ, ಇದು ಕಾಲೇಜಿಂದು.

ನಾನು ಶಹಾಬಾದ ಕಾಲೇಜಿನ ಲ್ಯಾಬ್ ಅಟೆಂಡರ್.
ಇಪ್ಪತ್ತೊಂದು ವರ್ಷ ಗಾಜಿನ ನಳಿಗಿ ತೊಳದೀನಿ,
ಸಮುದ್ರ ನೋಡಿಲ್ಲ.
ಸೋಸು ಅಂಬವ್ವ, ಅಂದರು ಜಗದೇವಿ ಮೇಡಂ.
ಸೋಸಿದೆ. ಕಾಗದದ ಮ್ಯಾಲ ಉಳೀತು
ಒಂದೀಟು ಉಸುಕು, ಮೀನಿನ ಒಂದು ಹುರುಪಿ,
ಯಾರದೋ ಅಂಗಿ ಗುಂಡಿಯ ಅರ್ಧ ಚೂರು.

ಏಪ್ರಿಲ್. ಈ ಬಿಸಲಿನ್ಯಾಗ ಗ್ಯಾಸ್ ಯಾಕ ಬೇಕು?
ಮಾಳಿಗಿ ಮ್ಯಾಲ ಎನಾಮಲ್ ತಾಟು ನಾಕು,
ಖಣಿ ಧೂಳು ಕೂಡಬಾರದಂತ ಮಲಮಲ್ ಅರಿವಿ.
ತಾಸಿಗೊಮ್ಮೆ ಏರಿ ಹೋಗಿ ನೋಡಾಕಿ ನಾನು,
ಹಾಲು ಒಲಿ ಮ್ಯಾಲಿಟ್ಟವರ ಹಂಗ.

ಒಮ್ಮಿಗೇ ಕೊಡಂಗಿಲ್ಲ ಅದು, ಹೇಳಿದ್ದರು ಮೇಡಂ,
ಸರದಿ ಅದ ಅದಕ್ಕ.
ನೀರು ಅರ್ಧಕ್ಕ ಇಳಿದಾಗ ಅಂಚಿಗೊಂದು ಪೊರಿ,
ಚಾದ ಕೆನಿಗಿಂತ ತೆಳುವು.
ಐದರಾಗ ಒಂದು ಪಾಲು ಉಳಿದಾಗ ಸೂಜಿ,
ಬೆಳಕಿಗೆ ಹಿಡದರಷ್ಟೇ ಕಾಣೋವು. ಜಿಪ್ಸಂ.
ಹತ್ತರಾಗ ಒಂದಾದ ದಿನ
ನೀರಿನ ಬೆನ್ನ ಮ್ಯಾಲ ತೇಲಿ ಬಂದವು ಚೌಕ ಚೌಕ,
ಒಳಗ ಮೆಟ್ಟಿಲಿಗೆ ಮೆಟ್ಟಿಲು,
ಎಳ್ಳಿನಷ್ಟೆಷ್ಟೇ ಮೆಟ್ಟಿಲಬಾವಿ.
ಒಂದೊಂದೇ ಮುಳುಗೋ ತನಕ ನಿಂತು ನೋಡಿದೆ.
ಅದು ಉಪ್ಪು.

ಕಡೀಗೆ ಉಳಿದದ್ದು ಒಣಗಲೇ ಇಲ್ಲ.
ಎಣ್ಣಿ ಹಂಗ ಮಂದ, ನಾಲಿಗಿಗೆ ಬೇವು.
ಮೆಗ್ನೀಷಿಯಂ ಇರೋ ನೀರು, ಬಾಟ್ಲಿಗೆ ಹಾಕು, ಅಂದರು.

ಮೊದಲು ಬಂದ ಪೊರಿ ಕೆರೆದು
ಮ್ಯಾಲೊಂದು ಹನಿ ಆಸಿಡ್ ಬಿಟ್ಟರು.
ಚುರ್ ಅಂತು. ನೊರಿ ಬಂತು.
ಸುಣ್ಣ.
ಕೈ ಜಾರಿ ಎರಡನೇ ಹನಿ ನೆಲಕ್ಕ ಬಿತ್ತು.
ನೆಲ ಅಂದರ ನಮ್ಮೂರ ಫರಸಿ,
ದಿನಾ ಮುಂಜಾನಿ ನಾ ಒರಸೋದು.
ಚುರ್.
ಅದೇ ನೊರಿ.

ನಾ ಮೇಡಂ ಮಾರಿ ನೋಡಿದೆ. ಮೇಡಂ ನೆಲ ನೋಡಿದರು.
ಎಂಥಾ ಕಾಲದ್ದೋ ಏನೋ ಅಂಬವ್ವ,
ಒಂದು ಹುಳಾನೂ ಇದ್ದಿದ್ದಿಲ್ಲ ಆಗ, ಬರೇ ನೀರು.
ಹಂಗಾದರ ರುಕ್ಮೋದ್ದೀನ
ಇಲ್ಲಿಂದ ಸಮುದ್ರದ ತಳ ಲಾರಿಗೆ ಹೇರಿ
ಅಲ್ಲಿ ಸಮುದ್ರದ ದಂಡಿ ಮ್ಯಾಲ ಹಾಸತಾನ,
ಒಂದು ಚದರ ಫೂಟಿಗೆ ಇಷ್ಟು ಅಂತ.

ಬುರೆಟ್ಟಿನ್ಯಾಗ ಬೆಳ್ಳಿ ಕರಗಿದ ನೀರು.
ಕೆಳಗ ಕೂನಿಗೆ ಹಳದಿ ಬೆರಸಿದ ಸಮುದ್ರ.
ಬಿದ್ದಲ್ಲಿ ಒಡದ ಮೊಸರು, ಬೆಳ್ಳಗ.
ಒಂದು ಹನಿ, ಮತ್ತ ಬೆಳ್ಳಗ.
ಒಂದು ಹನಿ, ಕೆಂಪು ಬಂತು, ಅಲುಗಿಸಿದರ ಹೋತು.
ಒಂದು ಹನಿ.
ಇಟ್ಟಂಗಿ ಬಣ್ಣ, ಹೋಗಲಿಲ್ಲ.
ನಳ ತಿರುವ್ರಿ, ಅಂದೆ ನಾನೇ, ಮೇಡಂಗ.
ಎರಡು ದಿನಕ್ಕ ನನ್ನ ಬೆರಳು ಕರ್ರಗಾದವು.
ಬಾಜೂ ಮನಿ ಶಮೀಮ ಕೇಳಿದಳು:
ಯಾರ ಲಗ್ನ ಅಕ್ಕಾ, ಮೆಹಂದಿ ಭಾಳ ಹತ್ಯಾದ?

ಲೆಕ್ಕ ಕೂಡಿಸೋ ದಿನ ಬಂತು.
ನೀರು ಹೇಳಿದ್ದು ಒಂದು, ತಕ್ಕಡಿ ಹೇಳಿದ್ದು ಇನ್ನೊಂದು.
ಎರಡು ಗ್ರಾಂ ಕಮ್ಮಿ.
ಗಾಳಿಗೆ ಹಾರಿತೇನು, ಅಂದರು. ತಾಟಿಗೆ ಹತ್ತೇದೇನು?
ಮೂರು ಸಲ ತೂಗಿ, ಕನ್ನಡಕ ತಗದು,
ಪ್ರಯೋಗದ ದೋಷ ಅಂತ ಬರದರು.

ನಾ ಸುಮ್ಮನಿದ್ದೆ.
ಹಿಂದಿನ ದಿನ ಮಧ್ಯಾಹ್ನ ಮಾಳಿಗಿ ಮ್ಯಾಲ,
ತನ್ನ ಸಮುದ್ರ ಏನಾತಂತ ನೋಡಾಕ ಬಂದವ
ಬುತ್ತಿ ಬಿಚ್ಚಿದ್ದ: ಜ್ವಾಳದ ರೊಟ್ಟಿ, ಹಸಿಮೆಣಸಿನಕಾಯಿ.
ಉಪ್ಪು ಮರತು ಬಂದಿದ್ದ.
ಮೆಣಸಿನಕಾಯಿ ಸೀಳಿ ತಾಟಿನ್ಯಾಗ ಹೊರಳಿಸಿ
ಕಚ್ಚಿದ. ಕಣ್ಣಾಗ ನೀರು ತಂದ, ಖಾರಕ್ಕ.
ಸ್ವಲ್ಪ ಕಹಿ ಅದ ಅಕ್ಕಾ, ಅಂದ,
ಆದರ ಖರೇ ಉಪ್ಪೇ.