ಹಾಜರಿ

ಹಗಲು ಮಂಡಕ್ಕಿ ಭಟ್ಟಿಯಲ್ಲಿ ಹಾಜರಿ ಬರೆಯುತ್ತೇನೆ.
ಭತ್ತ ನೆನೆ ಹಾಕುವವರು ಆರು, ಬೇಯಿಸುವವರು ನಾಲ್ಕು,
ಮರಳು ಕಾಯಿಸಿ ಹುರಿಯುವವರು ಇಬ್ಬರು, ಮಿಕ್ಕವರು ಚೀಲಕ್ಕೆ.
ರಾತ್ರಿ ಊಟವಾದ ಮೇಲೆ ಮಗಳ ಲ್ಯಾಪ್‌ಟಾಪಿನಲ್ಲಿ
ಇನ್ನೊಂದು ಊರಿನ ಹಾಜರಿ.
ಆಫ್ರೀನ್ ನಗುತ್ತಾಳೆ: "ಅಬ್ಬಾ, ನಿಮಗೆ ರಜೆಯೇ ಇಲ್ಲವಾ?"

ಅದು ಯಾವ ಕಾಲವೋ. ರಾಜ ಇದ್ದಾನಂತೆ, ಕಾಣುವುದಿಲ್ಲ.
ನಕ್ಷೆಯ ಅಂಚಿನಿಂದ ಹೆಗಲಿಗೆ ಗಂಟು ಹಾಕಿಕೊಂಡು
ಜನ ಬರುತ್ತಾರೆ ಒಬ್ಬೊಬ್ಬರೇ,
ಜಗಳೂರು ಕಡೆಯವರು ದಾವಣಗೆರೆ ಬಸ್‌ಸ್ಟ್ಯಾಂಡಿನಲ್ಲಿ
ಇಳಿದು ಸುತ್ತ ನೋಡುವ ಹಾಗೆ.
ಬಂದವರೆಲ್ಲ ಮೊದಲು ಆಳು.
ಆಳಿಗೆ ಬಾವಿ ಬೇಕು, ಬುಟ್ಟಿಯಷ್ಟು ಕಾಡುಹಣ್ಣು ಬೇಕು,
ಅಷ್ಟೇ. ಕಲ್ಲು ಹೊರುತ್ತಾನೆ, ಮರ ಕಡಿಯುತ್ತಾನೆ,
ಗೊಣಗುವುದಿಲ್ಲ.
ಗುಂಡಿ ಒತ್ತಿದರೆ ಒಕ್ಕಲಾಗುತ್ತಾನೆ.
ಆ ಕ್ಷಣದಿಂದ ಅವನ ನೆತ್ತಿಯ ಮೇಲೆ
ಹೊಸ ಹೊಸ ಚಿತ್ರ ಮೂಡುತ್ತವೆ: ರೊಟ್ಟಿ, ಮೀನು,
ಗಂಟೆ ಬಾರಿಸುವ ಒಂದು ಮನೆ,
ಗುಡಿಯಲ್ಲ, ಮಸೀದಿಯಲ್ಲ, ಅಂಥದೇ ಏನೋ.
ಇನ್ನೂ ಏರಿಸಿದರೆ ಪಟ್ಟಣಿಗ. ಅವನಿಗೆ ಬಟ್ಟೆ, ಜೇನು,
ಹಂಚಿನ ಮನೆ, ಮನೆಯ ಸುತ್ತ ಚಂದ.
ಚಂದವನ್ನೂ ಅಲ್ಲಿ ಲೆಕ್ಕ ಹಾಕುತ್ತಾರೆ.

ಮೊದಮೊದಲು ಕೋಪ ಬರುತ್ತಿತ್ತು.
ನಿನ್ನೆ ಕಾಡುಹಣ್ಣು ತಿಂದವನು ಇವತ್ತು ಜೇನು ಕೇಳುತ್ತಾನಲ್ಲ!
ಆಮೇಲೆ ನಮ್ಮ ಸಾಹುಕಾರರ ದನಿ
ನನ್ನ ಗಂಟಲಿನಲ್ಲೇ ಕೇಳಿಸಿ
ಸುಮ್ಮನಾದೆ.

ಆಟ ಕೊಡುವ ಹೆಸರುಗಳಿಗೆ ನಾಲಿಗೆ ಹೊರಳುವುದಿಲ್ಲ.
ಅಳಿಸಿ ನಮ್ಮವರ ಹೆಸರು ಇಟ್ಟೆ.
ಕೊಡಲಿಗೆ ಮಲಿಯಪ್ಪ. ಬಲೆಗೆ ಖಲಂದರ್.
ಸಂತೆಕಟ್ಟೆಗೆ ಬಾಯಿಬಡುಕ ಕೊಟ್ರೇಶಿ.
ಕಲ್ಲುಗಣಿಯಲ್ಲಿ ಹಾಲಮ್ಮ.
ಭಟ್ಟಿಯಲ್ಲೂ ಕೊಪ್ಪರಿಗೆಯ ಮುಂದೆ ನಿಲ್ಲುವವಳು ಅವಳೇ,
ಹದಿನೇಳು ವರ್ಷದಿಂದ, ಸೆರಗು ಮೂಗಿಗೆ ಕಟ್ಟಿ.

ಬಾವಿ ದೂರವಿದ್ದರೆ ಅರ್ಧ ದಿನ ನಡಿಗೆಯಲ್ಲೇ ಹೋಗುತ್ತದೆ.
ಇದು ನನಗೆ ಆಟದಲ್ಲಿ ಗೊತ್ತಾಯಿತು.
ಗಣಿಯ ಪಕ್ಕ ಬಾವಿ ತೋಡಿಸಿದೆ.
ಭಟ್ಟಿಯ ನಲ್ಲಿ ಇನ್ನೂ ಗೇಟಿನ ಆಚೆಗೇ ಇದೆ.

ಒಂದು ರಾತ್ರಿ, ಯಾಕೋ, ಹಾಲಮ್ಮನನ್ನು ಏರಿಸಿಬಿಟ್ಟೆ.
ಎರಡು ಮೆಟ್ಟಿಲು, ಒಂದೇ ಸಲ. ಮಗ್ಗಕ್ಕೆ ಹಾಕಿದೆ.
ಕಲ್ಲು ನಿಂತಿತು. ಕಲ್ಲಿಲ್ಲದೆ ಗಂಟೆಯ ಮನೆ ನಿಂತಿತು.
ಗಂಟೆಯಿಲ್ಲದೆ ಅವಳ ಮುಖದ ಚಿತ್ರ ಕೆಂಪಾಯಿತು.
ಇಳಿಸೋಣವೆಂದರೆ ಏರಿಸುವ ಗುಂಡಿ ಮಾತ್ರ ಇದೆ.
ಅವಳು ಗಂಟು ಕಟ್ಟಿದಳು. ಬಂದ ದಾರಿಯಲ್ಲೇ ನಡೆದು
ನಕ್ಷೆಯ ಅಂಚಿನಲ್ಲಿ, ಬೇವಿನಂಥ ಒಂದು ಮರದ ಹಿಂದೆ,
ಮಾಯ.
ಒಂದು ಸಾಲು ಬಂತು: ಹಾಲಮ್ಮ ಊರು ಬಿಟ್ಟಳು.
ಕೆಳಗೆ 'ಸರಿ' ಎಂದು ಒತ್ತಬೇಕು. ಒತ್ತಿದೆ.

ಬೆಳಿಗ್ಗೆ ಭಟ್ಟಿಗೆ ಬಂದರೆ ಹೊಗೆಯಲ್ಲಿ ಅವಳಿದ್ದಳು.
ನೆತ್ತಿಯ ಮೇಲೆ ನೋಡಿದೆ. ಬರೀ ಹೊಟ್ಟಿನ ಬೂದಿ.
ನನ್ನ ಪುಸ್ತಕದಲ್ಲೂ ಎರಡೇ ಗುರುತು: ಬಂದರು, ಬರಲಿಲ್ಲ.

"ನಿನ್ ಮಗಳು ಹೇಳಿದ್ಲು ದಾದಾಪೀರಣ್ಣ,
ಆಟದಾಗೆ ನನ್ ಹೆಸರು ಇಟ್ಟೀಯಂತಲ್ಲ. ಅಲ್ಲೇನ್ ಕೆಲ್ಸ ನಂದು?"
ಊರು ಬಿಟ್ಟೆ ಅನ್ನಲು ಬಾಯಿ ಬರಲಿಲ್ಲ.
"ಬಟ್ಟೆ ನೇಯ್ತೀಯ," ಅಂದೆ.
ಭತ್ತ ತಿರುವುತ್ತಿದ್ದ ಕೋಲು ನಿಂತಿತು.
"ಕೂತ್ಕಂಡಾ?"
"ಹೂಂ. ಕೂತ್ಕಂಡು."
ನಕ್ಕಳು. ಆಮೇಲೆ ನಗಲಿಲ್ಲ. ಕೊಪ್ಪರಿಗೆ ಉಕ್ಕುತ್ತಿತ್ತು.

ರಾತ್ರಿ ಹಳೆಯ ಆಟವೊಂದನ್ನು ಹುಡುಕಿ ತೆರೆದೆ,
ಅವಳಿನ್ನೂ ಕಲ್ಲು ಹೊರುತ್ತಿರುವ ದಿನ.
ಹೆಸರಿನ ಮುಂದಿದ್ದ ಕೆಲಸ ತೆಗೆದೆ. ಬೇರೆ ಕೊಡಲಿಲ್ಲ.
ಬಾವಿಕಟ್ಟೆಯ ಹತ್ತಿರ ಹೋಗಿ ಅವಳು ನಿಂತಳು.
ನಿಂತೇ ಇದ್ದಳು.
ಆ ಊರಿನ ಜನಕ್ಕೆ ಕೂರುವುದು ಗೊತ್ತಿಲ್ಲ.
ಮಗ್ಗದ ಮನೆಯ ಬಾಗಿಲು ದಾಟಿ ಒಳಗೆ ಹೋದವರು
ಏನು ಮಾಡುತ್ತಾರೋ, ಆಡುವವನಿಗೆ ಕಾಣುವುದಿಲ್ಲ.

ಕೊಪ್ಪರಿಗೆಯ ಬಾಯಿ ನೆಲದಿಂದ ಎಷ್ಟು ಎತ್ತರ?
ಹದಿನೇಳು ವರ್ಷದಲ್ಲಿ ನಾನು ಅಳೆದಿಲ್ಲ.