ಎಡಮಗ್ಗುಲು

ಗ್ರಿಮ್ಸ್‌ಬಿಯ ಮೆಥಡಿಸ್ಟ್ ಚರ್ಚಿನ ಹಿಂದಿನ ಕೋಣೆಯಲ್ಲಿ
ಗುರುವಾರ ಸಂಜೆ ಏಳಕ್ಕೆ
ಎರಡು ಹಡಗು ಬಂದಿಳಿದವು
ಹಳೇ ಪತ್ರಿಕೆ ಹಾಸಿದ ಮೇಜಿನ ಮೇಲೆ.

ಒಂದು ಎಪ್ಪತ್ಮೂರರ ಕಿಟ್ಟು, ನನ್ನದು:
ಹಳದಿಗೆ ತಿರುಗಿದ ಪ್ಲಾಸ್ಟಿಕ್ಕು,
ಅಂಟಿನಲ್ಲಿ ಉಳಿದುಹೋದ ಹೆಬ್ಬೆರಳ ಗುರುತು.
ಇನ್ನೊಂದು ಈ ವರ್ಷದ್ದು,
ಅಂಗಿಗುಂಡಿಗಿಂತ ಸಣ್ಣ ಬಿಡಿಭಾಗ ನಾನೂರ ಹನ್ನೆರಡು,
ಬೆಲೆ ಹೆಂಡತಿಗೆ ಹೇಳುವಂಥದ್ದಲ್ಲ.

ಎರಡಕ್ಕೂ ಹೆಸರು ಪೆಟ್ರೆಲ್ ಒಂಬತ್ತು.
ಹದಿಮೂರು ವಾರ ಟೀವಿಯಲ್ಲಿ ಹಾರಿ
ಹದಿನಾಲ್ಕನೆಯ ವಾರ ಸ್ಟುಡಿಯೋದ ದುಡ್ಡು ಮುಗಿದು
ಯಾವ ಗ್ರಹವನ್ನೂ ಮುಟ್ಟದೆ ನಿಂತುಹೋದ ಹಡಗು.

ಡೆಸ್ಮಂಡ್ ಅಕ್ರಾಯ್ಡ್,
ಮೂವತ್ತು ವರ್ಷ ಗ್ಯಾಸ್ ಪೈಪು ಜೋಡಿಸಿದ ಕೈ,
ಕನ್ನಡಕ ಹಣೆಗೇರಿಸಿ, ಕ್ಯಾಲಿಪರ್ ತೆರೆದು
ಹಳೆಯದರ ಮೂಗು ಅಳೆದ.
"ಮೂರೂವರೆ ಮಿಲಿಮೀಟರ್ ಉದ್ದ. ತಪ್ಪು."
ಹೊಸದರ ಮೂಗು ಅಳೆದ.
"ಅರ್ಧ ಗಿಡ್ಡ. ಕ್ಷಮಿಸಬಹುದು."
"ಯಾವುದಕ್ಕೆ ಹೋಲಿಸಿ?" ಅಂದ ಬರ್ನಾರ್ಡ್,
"ದೊಡ್ಡ ಮಾದರಿಗೋ ಚಿಕ್ಕದಕ್ಕೋ?"

ಚಿತ್ರೀಕರಣಕ್ಕೆ ಎರಡಿದ್ದವು:
ಹತ್ತಿರದ ನೋಟಕ್ಕೆ ನಾಲ್ಕಡಿಯದ್ದು, ದೂರಕ್ಕೆ ಗೇಣುದ್ದದ್ದು.
ಒಂದರ ಮುಖ ಒಂದಕ್ಕೆ ಬರುತ್ತಿರಲಿಲ್ಲ,
ಆಸ್ತಿ ಹಂಚಿಕೊಂಡ ಅಣ್ಣತಮ್ಮಂದಿರ ಹಾಗೆ.
ಆಮೇಲೆ ಎಲ್ಲರೂ ಅವರವರ ಮೂಗಿನ ನೇರಕ್ಕೆ
ಹಡಗಿನ ಮೂಗಿನ ಬಗ್ಗೆ ಮಾತಾಡಿದರು.

ನಾನೂ ಆಡಿದೆ. ಸುಳ್ಳೇಕೆ.
ಕಿಟಕಿ ಏಳೋ ಎಂಟೋ ಅಂತ
ಒಂದೇ ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದವನು,
ಬೂದು ಬಣ್ಣದೊಳಗೆ ಹನ್ನೊಂದು ಬೂದು ಕಂಡವನು ನಾನು.
ಕನ್ನಡಿಯೊಳಗಿನ ಗಂಟಿಗೆ ತಕ್ಕಡಿ ಹಿಡಿದು
ಆರು ಜನ ಕೂತಿದ್ದೆವು.
ಚಹಾ ಆರುತ್ತಿತ್ತು.

ಅವತ್ತು ಬಸ್ಸು ತಪ್ಪಿ, ಬರ್ನಾರ್ಡನ ಅತ್ತಿಗೆ
ನೆಸ್ಟಾ ಪ್ರಿಚರ್ಡ್ ಒಳಗೆ ಬಂದಿದ್ದಳು.
ಸ್ಲೌ ಊರಿನ ಶೆಡ್ಡೊಂದರಲ್ಲಿ, ಹದಿನೆಂಟರ ವಯಸ್ಸಿನಲ್ಲಿ
ಈ ಹಡಗಿಗೆ ಅಂಟು ಹಚ್ಚಿದವಳಂತೆ.
ಇಷ್ಟು ವರ್ಷ ಯಾರಿಗೂ ಗೊತ್ತಿರಲಿಲ್ಲ.
ಯಾರೂ ಕೇಳಿರಲಿಲ್ಲ.

ಹೊಸದನ್ನು ಎತ್ತಿ ದೀಪಕ್ಕೆ ಹಿಡಿದಳು.
"ಪ್ಲಾಸ್ಮಾ ದ್ವಾರವಾ ಇದು?
ನಮ್ಮಮ್ಮನ ನಿಂಬೆ ಹಿಂಡುವ ಬಟ್ಟಲು.
ಇದು, ಇದು, ಅದೂ ಟ್ಯಾಂಕಿನ ಚಕ್ರ;
ಆಟಿಕೆ ಅಂಗಡಿಯ ಕಿಟ್ಟೆಲ್ಲ ಕೊಂಡು ತಂದು ಒಡೆದಿದ್ದೆವು.
ಬಣ್ಣವಾ? ಶುಕ್ರವಾರ ಡಬ್ಬಿಯ ತಳ ಕಂಡಿತು,
ಶೆಡ್ಡಿನ ಬಾಗಿಲಿಗೆ ಬಳಿದು ಉಳಿದದ್ದನ್ನು ಕಲೆಸಿದೆವು."
ಡೆಸ್ಮಂಡ್ ಬರೆದುಕೊಂಡ:
ಬಾಗಿಲ ಬಣ್ಣ, ಯಾವ ಕಂಪನಿ?

ಆಮೇಲೆ ಅವಳು ಹಡಗನ್ನು ಹೊರಳಿಸಿದಳು.
ಎಡಮಗ್ಗುಲು ಬೋಳು.
ನಡುವೆ ಒಂದು ತೂತು, ಕಬ್ಬಿಣದ ಸರಳು ತೂರಿಸಲು.
"ಇದು ಮಾತ್ರ ಅಪ್ಪಟ ನಿಜ" ಅಂದಳು.
"ಕ್ಯಾಮರಾ ಆ ಕಡೆ ಹೋಗಲೇ ಇಲ್ಲ.
ಹಡಗು ಯಾವಾಗಲೂ ಬಲಕ್ಕೇ ಹಾರುತ್ತಿತ್ತು,
ವಾಪಸು ಬರುವುದನ್ನು ಯಾರೂ ಬರೆದಿರಲಿಲ್ಲ."

ನನ್ನದನ್ನೂ ಹೊರಳಿಸಿದಳು.
ಹಲ್ ನಗರದ ಕಾರ್ಖಾನೆಯಲ್ಲಿ ಉಕ್ಕಿನ ಅಚ್ಚು ಕೊರೆದವನ ಬಳಿ
ಇದ್ದದ್ದು ಮೂರೇ ಫೋಟೋ, ಮೂರೂ ಬಲಗಡೆಯವು.
ಕಾಣದ ಕಡೆಗೆ ಅವನು
ಒಂದು ಬಾಗಿಲು ಕೊರೆದಿದ್ದ. ಮೂರು ಮೆಟ್ಟಿಲ ಏಣಿ.
ಹಿಡಿಕೆ, ಸೂಜಿಮೊನೆಯಷ್ಟು.

ಅಪ್ಪ ಐಸ್‌ಲ್ಯಾಂಡ್ ಕಡೆಯ ಕಡಲಲ್ಲಿ ಮೀನಿಗೆ ಹೋಗಿದ್ದ ಚಳಿಗಾಲ,
ನನಗೆ ಒಂಬತ್ತು,
ನಾನು ಒಳಗೆ ಹೋದದ್ದು ಅಲ್ಲಿಂದಲೇ.
ಇದನ್ನು ನಾನು ಅವರಿಗೆ ಹೇಳಲಿಲ್ಲ.

"ತಪ್ಪು" ಎನ್ನಲು ಡೆಸ್ಮಂಡನ ಬಾಯಿ ತೆರೆದಿತ್ತು.
ಮುಚ್ಚಿದ. ಕ್ಯಾಲಿಪರ್ ಇಟ್ಟು ಬಾಗಿಲು ಅಳೆದ:
ಆರು ಮಿಲಿಮೀಟರ್.
ನೂರ ನಲವತ್ನಾಲ್ಕರಿಂದ ಗುಣಿಸಿ,
ಪತ್ರಿಕೆಯ ಅಂಚಿನಲ್ಲಿ ಬರೆದು, ಮತ್ತೊಮ್ಮೆ ಗುಣಿಸಿ,
"ಎಂಬತ್ತಾರು ಸೆಂಟಿಮೀಟರ್, ಚಿಲ್ಲರೆ" ಅಂದ.
"ದೊಡ್ಡವರು ಹಿಡಿಸುವುದಿಲ್ಲ."

ನೆಸ್ಟಾ ಕೊಡೆ ಹುಡುಕುತ್ತಿದ್ದಳು,
ಎಂಟೂ ನಲವತ್ತಕ್ಕೆ ಇನ್ನೊಂದು ಬಸ್ಸಿತ್ತು.