ರೆಪ್ಪೆಯಿಲ್ಲದ ಗಿರಾಕಿಗಳು

ದುರ್ಗಿಗುಡಿಯ ಅಡ್ಡರಸ್ತೆಯಲ್ಲಿ ನನ್ನದೊಂದು ಸ್ಟುಡಿಯೋ.
ಪಾಸ್‌ಪೋರ್ಟ್ ಸೈಜು ಎಂಟು ಪ್ರತಿ, ಹತ್ತು ನಿಮಿಷಕ್ಕೆ ರೆಡಿ.
ಇಪ್ಪತ್ತೆರಡು ವರ್ಷದಿಂದ ಹೇಳಿದ್ದನ್ನೇ ಹೇಳುತ್ತಿದ್ದೇನೆ:
ಗದ್ದ ಸ್ವಲ್ಪ ಕೆಳಗೆ. ಕಣ್ಣು ಮಿಟುಕಿಸಬೇಡಿ.
ಮಿಟುಕಿಸುತ್ತಾರೆ.

ಮೀನಿಗೆ ರೆಪ್ಪೆಯೇ ಇಲ್ಲವೆಂದು ಹೊಳೆದದ್ದು
ನಲವತ್ತಾರನೆಯ ವಯಸ್ಸಿನಲ್ಲಿ,
ನೇತ್ರಾಣಿಯ ಮಗ್ಗುಲಲ್ಲಿ, ಹನ್ನೊಂದು ಮೀಟರು ಕೆಳಗೆ.
ಬೆನ್ನಿಗೆ ಸಿಲಿಂಡರು, ಬಾಯಲ್ಲಿ ರಬ್ಬರು,
ಎದುರಿಗೊಂದು ಮುರುಮೀನು
ಸಾಲ ಕೇಳಲು ಬಂದವನನ್ನು ಬ್ಯಾಂಕಿನ ಮ್ಯಾನೇಜರು ನೋಡುವಂತೆ
ನೋಡಿತು, ನೋಡಿತು, ನೋಡುತ್ತಲೇ ಇತ್ತು.
ಕೈ ತಾನಾಗಿ ಎದೆಯ ಹತ್ತಿರ ಹೋಯಿತು.
ಅಲ್ಲಿ ಕ್ಯಾಮೆರಾ ಇರಲಿಲ್ಲ.

ಒಂದು ಸ್ಕೂಟರಿನ ದುಡ್ಡು ಕೊಟ್ಟು
ಕ್ಯಾಮೆರಾಕ್ಕೊಂದು ನೀರಂಗಿ ತಂದೆ, ಅದೂ ಸೆಕೆಂಡ್ ಹ್ಯಾಂಡು.
‘ನಿಮಗೇ ಸರಿಯಾದ ರೈನ್‌ಕೋಟಿಲ್ಲ’ ಅಂದಳು ರೈಹಾನಾ.
ಕಪ್ಪು ರಬ್ಬರಿನ ಬಳೆಯೊಂದಿದೆ ಅದರಲ್ಲಿ,
ಅದೇ ಬಾಗಿಲು, ಅದೇ ಬೀಗ.
ಬಳೆಯ ಮೇಲೆ ಒಂದು ಕೂದಲು ಕೂತರೆ ಸಾಕು, ಹೊಳೆ ಒಳಗೆ ಬರುತ್ತದೆ.
ಬಂತು.
ಮೊದಲ ಕ್ಯಾಮೆರಾ ಸತ್ತದ್ದು ಹಾಗೆ. ಬಿಚ್ಚಿ ನೋಡಿದರೆ
ಬಿಳಿ ಕೂದಲು, ನನ್ನದೇ.

ಕಾರ್ತಿಕ ಕಳೆದು ತುಂಗೆ ತಿಳಿಯಾದ ಮೇಲೆ
ಭಾನುವಾರ ಅಂಗಡಿಗೆ ಬೀಗ.
ಮಂಡಗದ್ದೆ ದಾಟಿ ಒಂದು ಮಡು, ಹೆಸರು ಹೇಳುವುದಿಲ್ಲ.
ದಂಡೆಯಲ್ಲಿ ತೆಪ್ಪದ ದ್ಯಾವಣ್ಣ ಬೀಡಿ ಹಚ್ಚಿ ಕೂರುತ್ತಾನೆ,
ಗುಳ್ಳೆ ಎಣಿಸುವುದು ಅವನ ಕೆಲಸ.
‘ಗುಳ್ಳೆ ನಿಂತ್ರೆ ಯಾರಿಗೆ ಫೋನ್ ಮಾಡ್ಲಿ ಸಾಬ್ರೇ?’
ನಂಬರು ಬರೆದುಕೊಟ್ಟೆ.
ಅವನಿಗೆ ಓದಲು ಬರುವುದಿಲ್ಲ.
ಇಬ್ಬರೂ ಆ ಮಾತೆತ್ತಿಲ್ಲ.

ಒಳಗೆ ಹಸಿರು. ಆರಿದ ಕಷಾಯದ ಹಸಿರು.
ಫ್ಲಾಶು ಹೊಡೆದರೆ ರವೆ ಚೆಲ್ಲಿದ ಹಾಗೆ
ಕಸವೆಲ್ಲ ಬೆಳಗುತ್ತದೆ, ಮೀನೊಂದನ್ನು ಬಿಟ್ಟು.
ಆಳಕ್ಕಿಳಿದಂತೆ ಮೊದಲು ಹೋಗುವ ಬಣ್ಣ ಕೆಂಪು.
ಬಂಡೆಗೆ ಬೆರಳು ತರಚಿತು,
ಹೊಗೆಯಂತೆ ಹೊರಟ ರಕ್ತಕ್ಕೆ ಪಾಚಿಯ ಬಣ್ಣ.
ನನ್ನದೆಂದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು.

ಅಬ್ಬಾನ ಡಾರ್ಕ್‌ರೂಮಿನಲ್ಲಿ ಕೆಂಪೊಂದೇ ಇತ್ತು,
ಮಿಕ್ಕ ಬಣ್ಣಗಳೆಲ್ಲ ಬಾಗಿಲ ಹೊರಗೆ.
ಟ್ರೇಯ ನೀರಿನಡಿ ಬಿಳಿ ಕಾಗದ ಅಲುಗುತ್ತಿತ್ತು.
ಮೊದಲು ಹುಬ್ಬು, ಆಮೇಲೆ ಮೀಸೆ,
ಆಮೇಲೆ ಟೋಪಿ ಸಮೇತ ಇಡೀ ಸಬ್‌ಇನ್‌ಸ್ಪೆಕ್ಟರು
ತೇಲಿ ಮೇಲೆ ಬರುತ್ತಿದ್ದ.
ಈಜು ಬಾರದ ಮನುಷ್ಯ ಅಬ್ಬಾ,
ತುಂಗೆಯಲ್ಲಿ ಮೊಣಕಾಲಿನಾಚೆ ಇಳಿದವನಲ್ಲ,
ನಲವತ್ತು ವರ್ಷ ನೀರೊಳಗಿಂದಲೇ ಊರಿನ ಮುಖಗಳನ್ನು ಹೆಕ್ಕಿದ.

ಅವನು ಕಲಿಸಿದ್ದು ಒಂದೇ ಪಾಠ: ಉಸಿರು ಹಿಡಿ, ಆಮೇಲೆ ಒತ್ತು.
ಮುರುಡೇಶ್ವರದ ಜಟ್ಟಪ್ಪ ಕಲಿಸಿದ್ದೂ ಒಂದೇ:
ಏನೇ ಆಗಲಿ ಮಾರಾಯ್ರೇ, ಉಸಿರು ಹಿಡೀಬೇಡಿ,
ಎದೆ ಹರಿದುಹೋಗ್ತದೆ.
ಇಬ್ಬರ ನಡುವೆ ನಾನು, ಏಳು ಮೀಟರು ಆಳದಲ್ಲಿ.
ಬಂಡೆಯ ಸಂದಿಯಿಂದ ಹಾವುಮೀನು
ಅರ್ಧ ಮುಖ ಹೊರಗಿಟ್ಟಿದೆ.
ಉಸಿರೆಳೆದರೆ ಮೇಲೇರುತ್ತೇನೆ, ಅದು ಚೌಕಟ್ಟಿನಿಂದ ಜಾರುತ್ತದೆ.
ಬಿಟ್ಟರೆ ಕುಸಿಯುತ್ತೇನೆ,
ಗುಳ್ಳೆಯ ಸದ್ದಿಗೆ ಅದು ಒಳಸರಿಯುತ್ತದೆ.
ಹದಿನಾಲ್ಕು ಭಾನುವಾರ ಹೀಗೆ ಕಳೆದವು.

ಹದಿನೈದನೆಯ ಸಲ, ಬಿಸಿ ಚಹಾ ಊದುವಷ್ಟು ಮೆಲ್ಲಗೆ
ಉಸಿರು ಬಿಡುತ್ತಾ, ಬಿಡುತ್ತಲೇ ಒತ್ತಿದೆ.
ಚಿತ್ರ ಅಂಥ ಚೆನ್ನಾಗಿಲ್ಲ. ಮೂತಿ ಮಸುಕು,
ಎಡಗಡೆ ಯಾರೋ ಎಸೆದ ಗುಟ್ಕಾ ಚೀಟಿ.
ಕಿವಿರಿನ ಅಂಚಿನಲ್ಲಿ ಮಾತ್ರ ಫ್ಲಾಶು ಬಿದ್ದು
ಒಂದು ಗೀರು ಕೆಂಪು ಎದ್ದಿದೆ,
ಬಾಗಿಲ ಸಂದಿಯಲ್ಲಿ ಅಬ್ಬಾನ ಕೋಣೆ ಕಂಡ ಹಾಗೆ.

ಅಭ್ಯಾಸಬಲ, ಪಾಸ್‌ಪೋರ್ಟ್ ಸೈಜಿನಲ್ಲಿ ಎಂಟು ಪ್ರತಿ ತೆಗೆದೆ.
ಒಂದನ್ನು ದ್ಯಾವಣ್ಣನಿಗೆ ಕೊಟ್ಟೆ.
ದೂರ ಹಿಡಿದ, ಹತ್ತಿರ ಹಿಡಿದ,
‘ನಿಮ್ಮ ಕಡೇರಾ?’ ಅಂದ.
ಆಮೇಲೆ ಅದನ್ನು ಆ ನಂಬರಿನ ಚೀಟಿಯೊಳಗೇ ಮಡಚಿ
ಬೀಡಿಕಟ್ಟಿನ ಜೊತೆ ಜೇಬಿಗಿಟ್ಟು,
ಹೊಳೆಯ ಕಡೆ ತಿರುಗಿ ಕೂತ.